ನೂರಕ್ಕೆ 380! ಆಟ ಆಡುವಾಗ ಲ್ಯಾಪ್‌ಟಾಪಿನ ಪ್ರೊಸೆಸರ್ ಯಾಕೆ ಅಷ್ಟು ದುಡಿಯುತ್ತದೆ?



ಓಣಂ ರಜೆ ಮುಗಿದು ಶಾಲೆ ತೆರೆದ ದಿನ ಹತ್ತನೆಯ ತರಗತಿಯ ಒಬ್ಬ ಹುಡುಗ ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಕಂಪ್ಯೂಟರ್ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದ.

"ಸರ್, ಇದು ಅಕ್ಕನದ್ದು. ಹಾಳಾಯ್ತು ಕಾಣ್ತದೆ."

"ಎಂತ ಆಯ್ತು?"

"ಕಾರ್ ರೇಸ್ ಆಡುವಾಗ ಫ್ಯಾನ್ ಜೋರು ಕೂಗ್ತದೆ. ಅಡಿ ಭಾಗ ಮುಟ್ಲಿಕ್ಕೆ ಆಗುದಿಲ್ಲ. ಆಟ ನಿಂತು ನಿಂತು ಹೋಗ್ತದೆ. ಪ್ರೊಸೆಸರ್ ಎಷ್ಟು ಅಂತ ನೋಡಿದ್ರೆ 380 ಪರ್ಸೆಂಟ್! ಅಂಗಡಿಯಲ್ಲಿ ಕೇಳಿದೆ. ಪ್ರೊಸೆಸರ್ ಹೋಗಿದೆ, ಬೋರ್ಡೇ ಬದಲಿಸಬೇಕು, 9,000 ರೂಪಾಯಿ ಆಗ್ತದೆ ಅಂದ್ರು."

ಅಕ್ಕ ಮಂಗಳೂರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಅಮ್ಮ ಬೀಡಿ ಕಟ್ಟಿ ಕೂಡಿಟ್ಟ ದುಡ್ಡಿನಲ್ಲಿ ತೆಗೆದುಕೊಟ್ಟ ಲ್ಯಾಪ್‌ಟಾಪ್ ಅದು. ರಜೆಯಲ್ಲಿ ಊರಿಗೆ ಬಂದಾಗ ತಮ್ಮನಿಗೆ ಆಡಲಿಕ್ಕೆ ಕೊಟ್ಟಿದ್ದಳು. ತನ್ನಿಂದಲೇ ಹಾಳಾಯಿತು ಎಂದು ಇವನಿಗೆ ಎರಡು ದಿನದಿಂದ ಊಟ ಸೇರಿರಲಿಲ್ಲ.

ನಾವಿಬ್ಬರೂ ಸಂಜೆ ಲ್ಯಾಬಿನಲ್ಲಿ ಕೂತು ಒಂದೊಂದಾಗಿ ನೋಡಿದೆವು. ಹಾಳಾದದ್ದು ಏನೂ ಇರಲಿಲ್ಲ. ಹಾಗಾದರೆ 380 ಎಲ್ಲಿಂದ ಬಂತು? ನಾವು ನೋಡಿದ ಕ್ರಮದಲ್ಲೇ ನಿಮಗೂ ಹೇಳುತ್ತೇನೆ. ನಾಳೆ ನಿಮ್ಮ ಮನೆಯ ಲ್ಯಾಪ್‌ಟಾಪಿಗೆ ಹೀಗೇ ಆದರೆ ದುಡ್ಡು ಕೊಡುವ ಮೊದಲು ನೀವೇ ಪರೀಕ್ಷಿಸಬಹುದು.

1. ಶೇಕಡಾ ಎಂದರೆ ಯಾವುದರ ಶೇಕಡಾ?

ನೂರರಲ್ಲಿ 380 ಅಂಕ ಯಾರಿಗೂ ಬರುವುದಿಲ್ಲ ಅಲ್ಲವಾ? ಹಾಗಾದರೆ ಈ ಲೆಕ್ಕ ಯಾವುದು?

ಪ್ರೊಸೆಸರಿನ ಬಳಕೆ ಎಂದರೆ ಸಮಯದ ಲೆಕ್ಕ. ಒಂದು ಸೆಕೆಂಡಿನಲ್ಲಿ ಎಷ್ಟು ಹೊತ್ತು ಅದು ಕೆಲಸದಲ್ಲಿತ್ತು, ಎಷ್ಟು ಹೊತ್ತು ಸುಮ್ಮನೆ ಇತ್ತು ಎಂಬುದಷ್ಟೇ. ಅರ್ಧ ಸೆಕೆಂಡ್ ಕೆಲಸ, ಅರ್ಧ ಸೆಕೆಂಡ್ ಬಿಡುವು ಆದರೆ ಶೇಕಡಾ 50. ಬಿಡುವೇ ಇಲ್ಲದಿದ್ದರೆ 100.

ಈಗಿನ ಪ್ರೊಸೆಸರಿನ ಒಳಗೆ ಒಬ್ಬನೇ ಕೆಲಸಗಾರ ಇರುವುದಿಲ್ಲ. ಎರಡು, ನಾಲ್ಕು, ಆರು, ಎಂಟು ಹೀಗೆ ಹಲವು ಕೋರ್‌ಗಳಿರುತ್ತವೆ. ಹುಡುಗನ ಲ್ಯಾಪ್‌ಟಾಪಿನಲ್ಲಿ ನಾಲ್ಕು. ನಮ್ಮ ಶಾಲೆಗಳ ಲ್ಯಾಬಿನಲ್ಲಿರುವ ಉಬುಂಟು ಆಧಾರಿತ ವ್ಯವಸ್ಥೆಯೇ ಅದರಲ್ಲೂ ಇತ್ತು. ಲಿನಕ್ಸಿನ 'ಟಾಪ್' ಎಂಬ ಆದೇಶ ಒಂದು ಕೋರ್‌ಗೆ 100 ಎಂದು ಲೆಕ್ಕ ಹಿಡಿಯುತ್ತದೆ. ನಾಲ್ಕು ಕೋರ್ ಇದ್ದರೆ ಒಟ್ಟು 400. ಅದರಲ್ಲಿ 380 ಎಂದರೆ ನಾಲ್ಕೂ ಕೋರ್‌ಗಳು ಹೆಚ್ಚುಕಡಿಮೆ ಬಿಡುವಿಲ್ಲದೆ ದುಡಿಯುತ್ತಿವೆ ಎಂದರ್ಥ. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ಎಲ್ಲ ಕೋರ್‌ಗಳನ್ನೂ ಒಟ್ಟು ಸೇರಿಸಿ ನೂರಕ್ಕೆ ಲೆಕ್ಕ ಹಾಕುತ್ತದೆ. ಅಲ್ಲಿ ಇದೇ ಕೆಲಸ 95 ಎಂದು ಕಾಣುತ್ತಿತ್ತು. ಅಳೆದದ್ದು ಒಂದೇ, ಅಳತೆಗೋಲು ಬೇರೆ.

ಇಲ್ಲಿ ಇನ್ನೊಂದು ಎಡವಟ್ಟು ಉಂಟು. ನಾಲ್ಕು ಕೋರ್ ಇರುವ ಲ್ಯಾಪ್‌ಟಾಪಿನಲ್ಲಿ ಟಾಸ್ಕ್ ಮ್ಯಾನೇಜರ್ 25 ಎಂದು ತೋರಿಸಿದರೆ 'ಓ, ಕಾಲು ಭಾಗ ಮಾತ್ರ ಕೆಲಸ' ಎಂದುಕೊಳ್ಳುತ್ತೇವೆ. ಆದರೆ ಒಂದು ಕೋರ್ ಪೂರ್ತಿ ದಣಿದು, ಉಳಿದ ಮೂರು ಸುಮ್ಮನೆ ಕೂತಿರಲೂಬಹುದು. ಎಷ್ಟೋ ಆಟಗಳಲ್ಲಿ ಮುಖ್ಯ ಲೆಕ್ಕಾಚಾರವೆಲ್ಲ ಒಂದೇ ಕೋರ್‌ನ ಮೇಲೆ ಬೀಳುತ್ತದೆ. ಆಗ ಒಟ್ಟು ಬಳಕೆ ಕಡಿಮೆ ಕಂಡರೂ ಆಟ ಎಡವುತ್ತದೆ. ಅದಕ್ಕೇ ಪ್ರತಿ ಕೋರ್ ಬೇರೆಬೇರೆಯಾಗಿ ನೋಡಬೇಕು. 'ಟಾಪ್' ಓಡುತ್ತಿರುವಾಗ ಕೀಬೋರ್ಡಿನಲ್ಲಿ 1 ಒತ್ತಿದರೆ ಒಂದೊಂದು ಕೋರ್‌ನ ಲೆಕ್ಕ ಬರುತ್ತದೆ.

ಮಾಡಿ ನೋಡಿ

ಪೈಥಾನ್‌ನಲ್ಲಿ ಕೊನೆಯೇ ಇಲ್ಲದ ಒಂದು ಲೂಪ್ ಬರೆಯಿರಿ. ಮೊದಲ ಸಾಲಿನಲ್ಲಿ 'ವೈಲ್ ಟ್ರೂ', ಕೊನೆಗೆ ಎರಡು ಚುಕ್ಕೆ. ಎರಡನೇ ಸಾಲಿನಲ್ಲಿ ಸ್ವಲ್ಪ ಜಾಗ ಬಿಟ್ಟು 'ಪಾಸ್'. ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲಿ, ಟ್ರೂ ಎಂಬುದರ ಮೊದಲ ಅಕ್ಷರ ದೊಡ್ಡದು. ಇದು ಏನೂ ಮಾಡದ ಪ್ರೋಗ್ರಾಂ. ಆದರೂ ಓಡಿಸಿ 'ಟಾಪ್' ನೋಡಿ, ಪೈಥಾನ್ ಎದುರು 100 ಎಂದು ಬರುತ್ತದೆ.

ಈಗ ಮೇಲೆ 'ಟೈಮ್' ಮಾಡ್ಯೂಲನ್ನು ಇಂಪೋರ್ಟ್ ಮಾಡಿ, 'ಪಾಸ್' ಇದ್ದಲ್ಲಿ 0.01 ಸೆಕೆಂಡ್ ಮಲಗುವ 'ಸ್ಲೀಪ್' ಆದೇಶ ಹಾಕಿ. ಬಳಕೆ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ನಡುವೆ ಬಿಡುವು ಕೊಟ್ಟದ್ದೊಂದೇ ವ್ಯತ್ಯಾಸ. ನೋಡಿದ ಮೇಲೆ ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿ ನಿಲ್ಲಿಸಿ.

2. ಆಟದ ಒಳಗೆ ನಡೆಯುವುದು ಏನು?

ಆಟವೂ ಇಂಥದ್ದೇ ಒಂದು ಕೊನೆಯಿಲ್ಲದ ಲೂಪ್. ಪ್ರತಿ ಸುತ್ತಿನಲ್ಲಿ ಅದು ಮೂರು ಕೆಲಸ ಮಾಡುತ್ತದೆ. ನೀವು ಯಾವ ಕೀ ಒತ್ತಿದ್ದೀರಿ ಎಂದು ನೋಡುತ್ತದೆ. ಕಾರು ಎಲ್ಲಿಗೆ ಬಂತು, ಗೋಡೆಗೆ ಗುದ್ದಿತಾ, ಎದುರಾಳಿ ಏನು ಮಾಡಬೇಕು ಎಂದು ಲೆಕ್ಕ ಹಾಕುತ್ತದೆ. ಆಮೇಲೆ ಒಂದು ಚಿತ್ರ ಬಿಡಿಸುತ್ತದೆ. ಆ ಒಂದು ಚಿತ್ರವೇ ಫ್ರೇಮ್. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದೊಂದಕ್ಕೆ ಸಿಗುವ ಸಮಯ 16.67 ಮಿಲಿಸೆಕೆಂಡ್.

ನೀವು ಪತ್ರ ಬರೆಯುವಾಗ ಪ್ರೊಸೆಸರಿಗೆ ಬಿಡುವೋ ಬಿಡುವು. ನೀವು ಒಂದು ಅಕ್ಷರ ಒತ್ತಿ ಇನ್ನೊಂದು ಒತ್ತುವುದರೊಳಗೆ ಅದಕ್ಕೆ ಕೋಟಿಗಟ್ಟಲೆ ಮಿಡಿತಗಳು ಕಳೆದಿರುತ್ತವೆ. ಆಟದಲ್ಲಿ ಹಾಗಲ್ಲ. ನೀವು ಸುಮ್ಮನೆ ಕೂತರೂ ಮರ ಅಲ್ಲಾಡಬೇಕು, ಮೋಡ ಸಾಗಬೇಕು, ಎದುರಾಳಿ ಓಡಬೇಕು. ಮಿತಿ ಹಾಕದಿದ್ದರೆ ಆಟ ಸೆಕೆಂಡಿಗೆ 60 ಅಲ್ಲ, 200 ಫ್ರೇಮ್ ಆದರೂ ಬಿಡಿಸುತ್ತಾ ಹೋಗಬಹುದು. ನಿಮ್ಮ ಪರದೆ ಸೆಕೆಂಡಿಗೆ 60 ಸಲ ಮಾತ್ರ ಬದಲಾಗುವುದಾದರೆ ಉಳಿದದ್ದೆಲ್ಲ ಯಾರೂ ನೋಡದ ಚಿತ್ರಗಳು. ಆಟದ ಸೆಟ್ಟಿಂಗ್ಸಿನಲ್ಲಿ 'ವರ್ಟಿಕಲ್ ಸಿಂಕ್' ಅಥವಾ ಫ್ರೇಮ್ ಮಿತಿ ಎಂದು ಇರುವುದು ಇದಕ್ಕೇ. ನಾವು ಲೂಪಿಗೆ 'ಸ್ಲೀಪ್' ಹಾಕಿದ ಹಾಗೆ, ಒಂದು ಚಿತ್ರ ಮುಗಿದ ಮೇಲೆ ಪರದೆಯ ಮುಂದಿನ ಸರದಿವರೆಗೆ ಅದು ಆಟವನ್ನು ಕಾಯಿಸುತ್ತದೆ.

3. ಅಡಿಗೆಯವರೇ ಬಡಿಸಲಿಕ್ಕೂ ಹೊರಟರೆ?

ಇಷ್ಟು ಗೊತ್ತಾದ ಮೇಲೆ ನಾವು ಹುಡುಗನ ಆಟದಲ್ಲಿ ಫ್ರೇಮ್ ಮಿತಿ ಹಾಕಿ ನೋಡಿದೆವು. 380 ಜಗ್ಗಲಿಲ್ಲ. ಆಟ ಸೆಕೆಂಡಿಗೆ ಏಳೆಂಟು ಫ್ರೇಮ್ ಬಿಡಿಸಲಿಕ್ಕೇ ಪರದಾಡುತ್ತಿತ್ತು. 60ರ ಮಿತಿ ಹಾಕಿದರೆ ಏನು ಪ್ರಯೋಜನ? ಹಾಗಾದರೆ ಕಾರಣ ಬೇರೆ ಎಲ್ಲೋ ಇದೆ.

ಮದುವೆ ಊಟದ ಪಂಕ್ತಿಯನ್ನು ನೆನಪು ಮಾಡಿಕೊಳ್ಳಿ. ಒಳಗೆ ಅಡಿಗೆ ಭಟ್ಟರು ನಾಲ್ಕು ಜನ. ಯಾವುದು ಮೊದಲು, ಯಾವುದಕ್ಕೆ ಉಪ್ಪು ಎಷ್ಟು, ಇನ್ನೊಂದು ಪಂಕ್ತಿಗೆ ಸಾಲುತ್ತದಾ, ಎಲ್ಲ ಅವರ ತಲೆಯಲ್ಲೇ. ಹೊರಗೆ ಬಡಿಸುವವರ ಗುಂಪು. ಅವರು ಮಾಡುವುದು ಒಂದೇ ಕೆಲಸ, ಎಲೆಯಿಂದ ಎಲೆಗೆ. ಆದರೆ ಹತ್ತಾರು ಜನ ಒಟ್ಟಿಗೆ ಮಾಡುತ್ತಾರೆ. ಪ್ರೊಸೆಸರ್ ಅಡಿಗೆ ಭಟ್ಟರ ಹಾಗೆ, ಗ್ರಾಫಿಕ್ಸ್ ಘಟಕ ಬಡಿಸುವವರ ಹಾಗೆ. ಪರದೆಯ ಒಂದೊಂದು ಚುಕ್ಕೆಗೂ ಬಣ್ಣ ಹಚ್ಚುವ ಲೆಕ್ಕವನ್ನು ಗ್ರಾಫಿಕ್ಸ್ ಘಟಕ ನೂರಾರು ಚುಕ್ಕೆಗಳಿಗೆ ಒಟ್ಟೊಟ್ಟಿಗೆ ಮಾಡುತ್ತದೆ.

ಚುಕ್ಕೆಗಳು ಎಷ್ಟು? ಸಾಮಾನ್ಯ ಲ್ಯಾಪ್‌ಟಾಪ್ ಪರದೆಯೊಂದರ ಅಳತೆ 1366 × 768. ಗುಣಿಸಿದರೆ 10,49,088 ಚುಕ್ಕೆಗಳು. ಸೆಕೆಂಡಿಗೆ 60 ಫ್ರೇಮ್ ಎಂದರೆ 6 ಕೋಟಿ 29 ಲಕ್ಷಕ್ಕೂ ಹೆಚ್ಚು ಚುಕ್ಕೆಗಳಿಗೆ ಬಣ್ಣ ಹಚ್ಚಬೇಕು. ಪ್ರೊಸೆಸರಿನ ವೇಗ 2 ಗಿಗಾಹರ್ಟ್ಸ್ ಎಂದಿಟ್ಟುಕೊಳ್ಳಿ, ಅಂದರೆ ಸೆಕೆಂಡಿಗೆ 200 ಕೋಟಿ ಮಿಡಿತ. ಒಂದು ಫ್ರೇಮಿನ ಸಮಯದಲ್ಲಿ ಒಂದು ಕೋರ್‌ಗೆ ಸಿಗುವುದು ಸುಮಾರು 3.3 ಕೋಟಿ ಮಿಡಿತ. ಹತ್ತೂವರೆ ಲಕ್ಷ ಚುಕ್ಕೆಗಳಿಗೆ ಹಂಚಿದರೆ ಚುಕ್ಕೆಯೊಂದಕ್ಕೆ ಬರೀ 32. ನಾಲ್ಕೂ ಕೋರ್ ಸೇರಿದರೂ 127. ಅಷ್ಟರಲ್ಲೇ ನೆರಳು, ಬೆಳಕು, ರಸ್ತೆಯ ಮೇಲ್ಮೈ ಎಲ್ಲ ಮುಗಿಯಬೇಕು, ಮೇಲಿಂದ ಆಟದ ಲೆಕ್ಕವೂ ಆಗಬೇಕು. ಭಟ್ಟರೇ ಸೌಟು ಹಿಡಿದು ಸಾವಿರ ಎಲೆಗೆ ಬಡಿಸಲಿಕ್ಕೆ ಹೊರಟ ಹಾಗೆ!

ಹುಡುಗನ ಲ್ಯಾಪ್‌ಟಾಪಿನಲ್ಲಿ ಆಗಿದ್ದದ್ದು ಇದೇ. ಸೆಟ್ಟಿಂಗ್ಸಿನ 'ಅಬೌಟ್' ಪುಟ ತೆರೆದು 'ಗ್ರಾಫಿಕ್ಸ್' ಎಂಬ ಸಾಲು ನೋಡಿದೆವು. ಇಂಟೆಲ್ ಎಂದು ಇರಬೇಕಾದ ಕಡೆ 'ಎಲ್‌ಎಲ್‌ವಿಎಂಪೈಪ್' ಎಂದಿತ್ತು. ಗ್ರಾಫಿಕ್ಸ್ ಘಟಕ ಕೆಲಸಕ್ಕೆ ಸಿಗದಿದ್ದಾಗ ಅದರ ಕೆಲಸವನ್ನು ಪ್ರೊಸೆಸರಿನಿಂದಲೇ ಮಾಡಿಸುವ ತಂತ್ರಾಂಶದ ಹೆಸರು ಅದು. ಸಿಗುವ ಎಲ್ಲ ಕೋರ್‌ಗಳನ್ನೂ ಬಳಸುತ್ತದೆ. ಅದಕ್ಕೇ 380.

ಗ್ರಾಫಿಕ್ಸ್ ಘಟಕ ಎಲ್ಲಿ ಹೋಗಿತ್ತು? ಎಲ್ಲಿಗೂ ಇಲ್ಲ. ಉಬುಂಟು ಹಾಕುವಾಗ ಪರದೆ ಕಪ್ಪಾಯಿತೆಂದು ಯಾರೋ 'ನೋಮೋಡ್‌ಸೆಟ್' ಎಂಬ ಆಯ್ಕೆ ಸೇರಿಸಿದ್ದರು. ಗ್ರಾಫಿಕ್ಸ್ ಚಾಲಕ ತಂತ್ರಾಂಶ ಪರದೆಯನ್ನು ವಹಿಸಿಕೊಳ್ಳದಂತೆ ತಡೆಯುವ ತಾತ್ಕಾಲಿಕ ಉಪಾಯ ಅದು. ಕೆಲಸ ಮುಗಿದ ಮೇಲೆ ತೆಗೆಯಲು ಮರೆತಿದ್ದರು. ಆ ಒಂದು ಪದ ತೆಗೆದು ಲ್ಯಾಪ್‌ಟಾಪನ್ನು ಮತ್ತೆ ಶುರು ಮಾಡಿದೆವು. ಗ್ರಾಫಿಕ್ಸ್ ಸಾಲಿನಲ್ಲಿ ಇಂಟೆಲ್ ಎಂದು ಬಂತು. ಆಟ ಸರಾಗ ಓಡಿತು. 'ಟಾಪ್' 90ರ ಆಸುಪಾಸು ತೋರಿಸಿತು, ಅಂದರೆ 400ರಲ್ಲಿ 90. ಖರ್ಚು ಸೊನ್ನೆ. ಹುಡುಗ ಪರದೆ ನೋಡುತ್ತಾ "ಇಷ್ಟೆಯಾ ಸರ್?" ಎಂದ.

ವಿಂಡೋಸಿನಲ್ಲಾದರೆ 'ಡಿವೈಸ್ ಮ್ಯಾನೇಜರ್' ತೆರೆದು 'ಡಿಸ್‌ಪ್ಲೇ ಅಡಾಪ್ಟರ್ಸ್' ನೋಡಿ. ಅಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ ಸರಿಯಾದ ಗ್ರಾಫಿಕ್ಸ್ ಚಾಲಕ ಕೆಲಸ ಮಾಡುತ್ತಿಲ್ಲ ಎಂದು ತಿಳಿಯಿರಿ. ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ತಾಣದಿಂದಲೇ ಅದನ್ನು ಇಳಿಸಿ ಹಾಕಬೇಕು.

4. ಬಿಸಿಯ ಲೆಕ್ಕ

ಇನ್ನು ಅಡಿ ಭಾಗದ ಬಿಸಿ. ಪ್ರೊಸೆಸರ್ ನುಂಗುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ತೆಳು ಲ್ಯಾಪ್‌ಟಾಪ್‌ಗಳ ಎಷ್ಟೋ ಪ್ರೊಸೆಸರ್‌ಗಳನ್ನು 15 ವ್ಯಾಟ್‌ಗೆ ಲೆಕ್ಕ ಹಾಕಿ ಮಾಡಿರುತ್ತಾರೆ. ಒಂದು ಗಂಟೆ ಹೀಗೆ ದುಡಿದರೆ 15 × 3600 = 54,000 ಜೂಲ್ ಶಾಖ. ಒಂದು ಲೀಟರ್ ನೀರನ್ನು ಸುಮಾರು 13 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು ಅಷ್ಟು ಸಾಕು. ಇಷ್ಟೂ ಹೊರಡುವುದು ಹೆಬ್ಬೆರಳ ಉಗುರಿನಷ್ಟು ಅಗಲದ ಚಿಪ್ಪಿನಿಂದ. ಅದನ್ನು ತಾಮ್ರದ ಕೊಳವೆ ಹೊತ್ತು ತಂದು ಲೋಹದ ತೆಳು ರೆಕ್ಕೆಗಳಿಗೆ ಕೊಡುತ್ತದೆ, ಫ್ಯಾನ್ ಗಾಳಿ ಬೀಸಿ ಹೊರಗೆ ಅಟ್ಟುತ್ತದೆ.

ಹಾಗಾಗಿ ಆಡುವಾಗ ಫ್ಯಾನ್ ಕೂಗಿದರೆ ಅದು ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಆದರೆ ಲ್ಯಾಪ್‌ಟಾಪನ್ನು ಹಾಸಿಗೆ, ತಲೆದಿಂಬು, ಹೊದಿಕೆಯ ಮೇಲೆ ಇಟ್ಟರೆ ಅಡಿಯ ಗಾಳಿಕಿಂಡಿ ಮುಚ್ಚುತ್ತದೆ. ವರ್ಷಗಟ್ಟಲೆ ಧೂಳು, ಬಟ್ಟೆಯ ನವಿರು ಸೇರಿದರೂ ಹಾಗೆಯೇ. ಹುಡುಗ ಆಡುತ್ತಿದ್ದದ್ದು ಮಂಚದ ಮೇಲೆ. ಗಾಳಿಕಿಂಡಿಯಲ್ಲಿ ಬೂದು ಬಣ್ಣದ ನವಿರು ಕಾಣುತ್ತಿತ್ತು. ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ಹೊರಗಿನಿಂದ ಮೆತ್ತನೆಯ ಬ್ರಶ್ಶಿನಲ್ಲಿ ತೆಗೆದೆವು. ಒಳಗೆ ಬಿಚ್ಚುವುದು ನಿಮ್ಮ ಕೆಲಸವಲ್ಲ, ತಿಳಿದವರಿಂದಲೇ ಮಾಡಿಸಿ.

5. ವೇಗ ಇಳಿದರೆ ಶೇಕಡಾ ಏರುತ್ತದೆ!

ಈಗ ಹೇಳುವುದನ್ನು ಸ್ವಲ್ಪ ನಿಧಾನಕ್ಕೆ ಓದಿ. ಬಿಸಿ ಮಿತಿಗೆ ಬಂದಾಗ ಪ್ರೊಸೆಸರ್ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಇಂಟೆಲಿನ ಎಷ್ಟೋ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ ಆ ಮಿತಿ 100 ಡಿಗ್ರಿ ಸೆಲ್ಸಿಯಸ್. ಅಲ್ಲಿಗೆ ಮುಟ್ಟಿದರೆ ಅದು ಮಿಡಿತದ ವೇಗವನ್ನು ಇಳಿಸುತ್ತದೆ. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಆಡುವಾಗಲೂ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವೇಗ ಇಳಿಯುತ್ತದೆ.

ಒಂದು ಫ್ರೇಮಿನ ಕೆಲಸ 2.4 ಗಿಗಾಹರ್ಟ್ಸ್ ವೇಗದಲ್ಲಿ 8 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. 16.67ರಲ್ಲಿ 8 ಎಂದರೆ ಶೇಕಡಾ 48. ಬಿಸಿಯಾಗಿ ವೇಗ ಅರ್ಧಕ್ಕೆ, ಅಂದರೆ 1.2ಕ್ಕೆ ಇಳಿಯಿತು. ಅದೇ ಕೆಲಸಕ್ಕೆ ಈಗ 16 ಮಿಲಿಸೆಕೆಂಡ್ ಬೇಕು. ಶೇಕಡಾ 96! ಕೆಲಸ ಒಂದು ಚೂರೂ ಹೆಚ್ಚಾಗಲಿಲ್ಲ, ಆದರೂ ಬಳಕೆ ಇಮ್ಮಡಿ. ಶೇಕಡಾ ಎಂಬುದು ಕೆಲಸದ ಅಳತೆ ಅಲ್ಲ, ಸಮಯದ ಅಳತೆ ಎಂದು ಮೊದಲೇ ಹೇಳಿದ್ದು ಇದಕ್ಕೇ. ಹಾಗಾಗಿ ಬಳಕೆ ನೋಡುವಾಗ ವೇಗ ಎಷ್ಟಿದೆ, ಬಿಸಿ ಎಷ್ಟಿದೆ ಎಂಬುದನ್ನೂ ಜೊತೆಗೇ ನೋಡಿ. ಜ್ವರದ ಮಾಪಕದ ಒಂದು ಅಂಕಿ ನೋಡಿ ಯಾವ ಡಾಕ್ಟರೂ ಆಪರೇಷನ್ ಮಾಡುವುದಿಲ್ಲ ಅಲ್ಲವಾ?

6. ನೀವು ನೋಡಬೇಕಾದ ಕ್ರಮ

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿ ಸಲವೂ ಅಂಕಿ ಬರೆದಿಡಿ. ಎರಡು ಮೂರು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ. ವಿಜ್ಞಾನದ ಯಾವ ಪ್ರಯೋಗಕ್ಕೂ ಇದೇ ನಿಯಮ.

• ಆಟ ತೆರೆಯುವ ಮೊದಲು, ಲ್ಯಾಪ್‌ಟಾಪ್ ಶುರುವಾಗಿ ಐದು ನಿಮಿಷ ಕಳೆದ ಮೇಲೆ ಬಳಕೆ ಎಷ್ಟು? ಸುಮ್ಮನೆ ಇದ್ದಾಗ ಕಡಿಮೆ ಇರಬೇಕು.

• ಹಿಂದೆ ಬೇರೆ ಏನಾದರೂ ಓಡುತ್ತಿದೆಯಾ? ಬ್ರೌಸರಿನ ಹತ್ತಿಪ್ಪತ್ತು ಪುಟ, ಅಪ್‌ಡೇಟ್, ವೈರಸ್ ತಪಾಸಣೆ ಎಲ್ಲ ಪಾಲು ಕೇಳುತ್ತವೆ. ಅಪ್‌ಡೇಟ್ ಆಗುತ್ತಿದ್ದರೆ ಮುಗಿಯಲು ಬಿಡಿ.

• ಗ್ರಾಫಿಕ್ಸ್ ಘಟಕದ ಹೆಸರು ಸರಿಯಾಗಿ ಕಾಣುತ್ತಿದೆಯಾ?

• ಲ್ಯಾಪ್‌ಟಾಪ್ ಗಟ್ಟಿ ಮೇಜಿನ ಮೇಲೆ ಇದೆಯಾ, ಗಾಳಿಕಿಂಡಿ ತೆರೆದಿದೆಯಾ?

• ಆಟದಲ್ಲಿ ವರ್ಟಿಕಲ್ ಸಿಂಕ್ ಹಾಕಿ. ಆಮೇಲೆ ಪರದೆಯ ಅಳತೆ ಇಳಿಸಿ ನೋಡಿ. 1024 × 576 ಅಳತೆ, ಸೆಕೆಂಡಿಗೆ 30 ಫ್ರೇಮ್ ಆದರೆ ಬಣ್ಣ ಹಚ್ಚಬೇಕಾದ ಚುಕ್ಕೆಗಳು 1 ಕೋಟಿ 77 ಲಕ್ಷಕ್ಕೆ ಇಳಿಯುತ್ತವೆ. ಮೊದಲಿನ ಮೂರನೇ ಒಂದಕ್ಕಿಂತಲೂ ಕಡಿಮೆ.

ಇದೆಲ್ಲ ಆದ ಮೇಲೂ ಆಟ ಆಡುವಾಗ ಬಳಕೆ 90, 100 ಇದ್ದು, ಆಟ ಸರಾಗ ಹೋಗುತ್ತಿದ್ದರೆ ಚಿಂತೆ ಬೇಡ. ಆ ಆಟಕ್ಕೆ ಅಷ್ಟು ಬೇಕು, ಅಷ್ಟೆ.

7. ಯಾವಾಗ ಚಿಂತೆ ಮಾಡಬೇಕು?

ಆಟ ಮುಚ್ಚಿದ ಮೇಲೂ ಬಳಕೆ ಇಳಿಯದಿದ್ದರೆ. ಗೊತ್ತಿಲ್ಲದ ಹೆಸರೊಂದು ಪಟ್ಟಿಯ ಮೇಲ್ಗಡೆ ಕೂತಿದ್ದರೆ. ಅದರಲ್ಲೂ ಗೆಳೆಯರ ಪೆನ್‌ಡ್ರೈವಿನಿಂದ 'ಕ್ರ್ಯಾಕ್' ಮಾಡಿದ ಆಟ ಹಾಕಿದ ಮೇಲೆ ಶುರುವಾಗಿದ್ದರೆ. 2021ರಲ್ಲಿ ಅವಾಸ್ಟ್ ಎಂಬ ಭದ್ರತಾ ಸಂಸ್ಥೆ 'ಕ್ರ್ಯಾಕೊನಾಷ್' ಎಂಬ ದುಷ್ಟ ತಂತ್ರಾಂಶದ ಬಗ್ಗೆ ವರದಿ ಮಾಡಿತು. ಕದ್ದ ಆಟಗಳ ಪ್ರತಿಗಳಲ್ಲಿ ಅಡಗಿ ಬಂದು, ವಿಂಡೋಸಿನ ವೈರಸ್ ತಡೆಯನ್ನು ನಿಲ್ಲಿಸಿ, ಇನ್ನೊಬ್ಬರ ಕಂಪ್ಯೂಟರಿನಲ್ಲಿ ತನ್ನ ಯಜಮಾನನಿಗೆ ಮೊನೆರೊ ಎಂಬ ಡಿಜಿಟಲ್ ಹಣ ಗಳಿಸುವ ಲೆಕ್ಕ ಮಾಡುವುದೇ ಅದರ ಕಸುಬು. ಆಟ ಪುಕ್ಕಟೆ ಸಿಕ್ಕಿತು ಎಂದು ನೀವು ಖುಷಿಪಡುತ್ತೀರಿ, ಕರೆಂಟ್ ಬಿಲ್ ನಿಮ್ಮ ಮನೆಯವರು ಕಟ್ಟುತ್ತಾರೆ. ಪುಕ್ಕಟೆ ಆಟವೇ ಬೇಕಾದರೆ ಸೂಪರ್‌ಟಕ್ಸ್‌ಕಾರ್ಟ್‌ನಂಥ ಸ್ವತಂತ್ರ ತಂತ್ರಾಂಶದ ಆಟಗಳು ಇವೆ. ಯಾರನ್ನೂ ಕದಿಯಬೇಕಾಗಿಲ್ಲ.

ಆಡುತ್ತಿರುವಾಗ ಲ್ಯಾಪ್‌ಟಾಪ್ ತಾನಾಗಿ ಆರಿಹೋದರೆ, ಫ್ಯಾನ್ ತಿರುಗುವುದೇ ನಿಂತರೆ ಆಟ ನಿಲ್ಲಿಸಿ. ಕೀಬೋರ್ಡ್ ಅಥವಾ ಅಡಿ ಭಾಗ ಉಬ್ಬಿದಂತೆ ಕಂಡರೆ ಬ್ಯಾಟರಿ ಉಬ್ಬಿರಬಹುದು. ಕೂಡಲೇ ಆಫ್ ಮಾಡಿ, ಚಾರ್ಜ್‌ಗೆ ಹಾಕಬೇಡಿ, ದೊಡ್ಡವರಿಗೆ ಹೇಳಿ. ಆಗ ಅಂಗಡಿಗೆ ಹೋಗಲೇಬೇಕು. ಹೋಗುವಾಗಲೂ ನೀವು ಬರೆದಿಟ್ಟ ಅಂಕಿಗಳ ಚೀಟಿ ಕೈಯಲ್ಲಿರಲಿ. ಚೀಟಿ ನೋಡಿದ ಒಳ್ಳೆಯ ರಿಪೇರಿಯವರಿಗೂ ಕೆಲಸ ಸುಲಭ.

ನಮ್ಮ ಹುಡುಗ ಆ ಸಂಜೆ ಒಂದು ಹಾಳೆಯಲ್ಲಿ ಮೊದಲಿನ ಅಂಕಿ, ಆಮೇಲಿನ ಅಂಕಿ ಎರಡನ್ನೂ ಬರೆದುಕೊಂಡ. "ಯಾಕೆ?" ಎಂದು ಕೇಳಿದೆ. "ಅಕ್ಕನಿಗೆ ತೋರಿಸ್ಲಿಕ್ಕೆ ಸರ್. ಸುಮ್ಮನೆ ಸರಿಯಾಯ್ತು ಅಂದ್ರೆ ಅವಳು ನಂಬುದಿಲ್ಲ," ಎಂದ. ಅಕ್ಕ ಸರಿಯಾಗಿಯೇ ಕಲಿಸಿದ್ದಾಳೆ. ನೀವೂ ನಂಬುವ ಮೊದಲು ಅಳೆಯಿರಿ, ಅಳೆದದ್ದನ್ನು ಬರೆದಿಡಿ.

ಲೆಕ್ಕ ಮಾಡಿ, ಉತ್ತರಿಸಿ

1. ಆರು ಕೋರ್‌ಗಳ ಪ್ರೊಸೆಸರ್ ಇದೆ. ಪ್ರತಿ ಕೋರ್ ಒಂದೇ ಎಂದು ಲೆಕ್ಕಕ್ಕೆ ಬರುತ್ತದೆ. 'ಟಾಪ್' ಒಂದು ಆಟದ ಎದುರು 300 ತೋರಿಸಿದರೆ, ಒಟ್ಟು ನೂರಕ್ಕೆ ಲೆಕ್ಕ ಹಾಕಿದಾಗ ಎಷ್ಟು?

2. ಒಂದು ಫ್ರೇಮಿಗೆ 10 ಮಿಲಿಸೆಕೆಂಡ್ ಕೆಲಸ ಇದೆ. ಸೆಕೆಂಡಿಗೆ 60 ಫ್ರೇಮ್ ಆದರೆ ಬಳಕೆ ಶೇಕಡಾ ಎಷ್ಟು? 30 ಫ್ರೇಮಿನ ಮಿತಿ ಹಾಕಿದರೆ?

3. 1280 × 720 ಅಳತೆಯ ಪರದೆಯಲ್ಲಿ ಸೆಕೆಂಡಿಗೆ 60 ಫ್ರೇಮ್ ಬಿಡಿಸಲು ಎಷ್ಟು ಚುಕ್ಕೆಗಳಿಗೆ ಬಣ್ಣ ಹಚ್ಚಬೇಕು?

4. ಒಬ್ಬಳ ಲ್ಯಾಪ್‌ಟಾಪಿನಲ್ಲಿ ಆಟ ಶುರುವಾದಾಗ ಬಳಕೆ 50 ಇತ್ತು. ಇಪ್ಪತ್ತು ನಿಮಿಷದ ಮೇಲೆ ಅದೇ ಆಟದಲ್ಲಿ, ಅದೇ ಜಾಗದಲ್ಲಿ 95 ಆಯಿತು. ಬೇರೆ ಯಾವ ಪ್ರೋಗ್ರಾಂ ಓಡುತ್ತಿರಲಿಲ್ಲ. ಏನಾಗಿರಬಹುದು? ನಿಮ್ಮ ಊಹೆ ಸರಿಯೋ ಎಂದು ತಿಳಿಯಲು ಅವಳು ಯಾವ ಎರಡು ಅಂಕಿಗಳನ್ನು ನೋಡಬೇಕು?

ಉತ್ತರಗಳು: 1) 50. 2) 60, ಮಿತಿ ಹಾಕಿದರೆ 30. 3) 5,52,96,000. ನಾಲ್ಕನೆಯದನ್ನು ನಿಮ್ಮ ತರಗತಿಯಲ್ಲಿ ಚರ್ಚಿಸಿ, ಉತ್ತರ ಐದನೇ ಭಾಗದಲ್ಲೇ ಇದೆ.